ಗಡಿಸೀಮೆಯ ಹೆಸರುಗಳು

ಭೌತವಿಜ್ಞಾನವನ್ನು ಬೋಧಿಸುವವನಿಗೆ ಹೆಸರುಗಳ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ಈ ಗೊಡವೆ ನನಗೆ ಅಂಟಿಕೊಂಡದ್ದು ಹಾಜರಿ ಪುಸ್ತಕದಿಂದ. ನಾನು ಪಾಠ ಹೇಳುವ ಊರು ಮಧುಗಿರಿ. ತರಗತಿಗೆ ಬರುವವರು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮಕ್ಕಳು. ಗಡಿಯಾಚೆಯ ಮಡಕಶಿರದ ಕಡೆಯವರೂ ಆಗಾಗ ಇರುವುದುಂಟು. ಹಾಜರಿ ಪಟ್ಟಿ ಮಾತ್ರ ಇಂಗ್ಲಿಷಿನಲ್ಲಿ ಅಚ್ಚಾಗಿ ಬರುತ್ತದೆ. ವರ್ಷದ ಮೊದಲನೆಯ ದಿನ ಅದನ್ನು ಗಟ್ಟಿಯಾಗಿ ಓದುವಾಗ ಕೆಲವು ಹೆಸರುಗಳನ್ನಾದರೂ ನಾನು ತಪ್ಪಾಗಿ ಕೂಗುತ್ತೇನೆ. ತರಗತಿ ನಗುತ್ತದೆ, ಹೆಸರಿನ ಒಡೆಯನು ಅದು ತನ್ನದೋ ಅಲ್ಲವೋ ಎಂಬ ಸಂದೇಹದಿಂದ ಅರ್ಧ ಎದ್ದು ನಿಲ್ಲುತ್ತಾನೆ. ಇದು ನಗುವ ವಿಷಯವೆಂದೇ ನಾನೂ ಬಹುಕಾಲ ತಿಳಿದಿದ್ದೆ.

ನಮ್ಮ ಸೀಮೆಯ ಹೆಸರುಗಳು ಎರಡು ಭಾಷೆಗಳ ನಡುವೆ ಓಡಾಡುತ್ತವೆ. ಪಾವಗಡ ತಾಲ್ಲೂಕಿನ ಬಹುಭಾಗವನ್ನು ಆಂಧ್ರದ ನೆಲವೇ ಸುತ್ತುವರಿದಿದೆ. ಅಲ್ಲಿ ತೆಲುಗು ಮನೆಮಾತಾಗಿರುವ ಕುಟುಂಬಗಳು ಹೇರಳ. ಆಚೆಯ ಮಡಕಶಿರ, ಅಮರಾಪುರ, ರೊಳ್ಳಗಳಲ್ಲಿ ಕನ್ನಡವನ್ನಾಡುವ ಮನೆಗಳೂ ಹಾಗೆಯೇ ಹೇರಳ. ೧೯೫೩ ಮತ್ತು ೧೯೫೬ರಲ್ಲಿ ಭಾಷೆಗಳನ್ನನುಸರಿಸಿ ರಾಜ್ಯಗಳು ಏರ್ಪಟ್ಟಾಗ ಗಡಿಯ ಗೆರೆಯನ್ನು ಎಲ್ಲಿ ಎಳೆದಿದ್ದರೂ ಅದು ಕೆಲವು ನೆಂಟಸ್ತಿಕೆಗಳನ್ನು ಕತ್ತರಿಸಿಯೇ ಸಾಗಬೇಕಾಗಿತ್ತು. ಆದುದರಿಂದ ಅಣ್ಣನ ಮಗನು ಒಂದು ಲಿಪಿಯಲ್ಲಿಯೂ ತಂಗಿಯ ಮಗನು ಇನ್ನೊಂದು ಲಿಪಿಯಲ್ಲಿಯೂ ಒಂದೇ ತಾತನ ಹೆಸರನ್ನು ಬರೆಯುವುದು ಇಲ್ಲಿ ಅಪೂರ್ವವಲ್ಲ. ಇಬ್ಬರು ಬರೆಯುವ ಹೆಸರುಗಳೂ ಅಕ್ಷರಶಃ ಒಂದೇ ಆಗಿರುವುದಿಲ್ಲ.

ಈ ವ್ಯತ್ಯಾಸವು ಮನಬಂದಂತೆ ಆದದ್ದಲ್ಲ ಎಂಬುದೇ ನನ್ನಂಥವನಿಗೆ ಸೋಜಿಗವನ್ನುಂಟುಮಾಡಿದ ಸಂಗತಿ. ಕೊರಟಗೆರೆ ಎಂಬ ಹೆಸರಿನ ಕೊನೆಯಲ್ಲಿರುವುದು ಕೆರೆ. ಪಾವಗಡದ ತಿರುಮಣಿಯ ಸುತ್ತ ಈಗ ಸೂರ್ಯಶಕ್ತಿಯಿಂದ ವಿದ್ಯುತ್ತನ್ನು ಉತ್ಪಾದಿಸುವ ದೊಡ್ಡ ಸ್ಥಾವರವಿದೆಯಷ್ಟೆ. ಅದಕ್ಕೆ ನೆಲವನ್ನು ಗುತ್ತಿಗೆಗೆ ಕೊಟ್ಟ ಗ್ರಾಮಗಳಲ್ಲಿ ರಾಯಚೆರ್ಲು ಎಂಬುದೊಂದು. ಇಲ್ಲಿಯ 'ಚೆರ್ಲು' ತೆಲುಗಿನ 'ಚೆರುವು' ಎಂಬುದರ ಸವೆದ ರೂಪವೆಂದೇ ಕಾಣುತ್ತದೆ. ಚೆರುವು ಎಂದರೂ ಕೆರೆಯೇ. ಅರ್ಥದಲ್ಲಿ ಮಾತ್ರವಲ್ಲ, ಮೂಲದಲ್ಲಿಯೂ ಅವೆರಡೂ ಒಂದೇ ಶಬ್ದ. ಇಕಾರ ಎಕಾರಗಳ ಹಿಂದೆ ಬರುವ ಕಕಾರವು ತೆಲುಗಿನಲ್ಲಿ ಚಕಾರವಾಯಿತು. ಕನ್ನಡದಲ್ಲಿ ಅದು ಕಕಾರವಾಗಿಯೇ ಉಳಿಯಿತು. ನಮ್ಮ ಕಿವಿ ಅವರಿಗೆ ಚೆವಿ. ನಾವು 'ಕೆಡು' ಎಂದರೆ ಅವರು 'ಚೆಡು' ಎನ್ನುವರು.

ಇದಕ್ಕೆ ಎದುರಾಗಿ, ಕನ್ನಡವು ಬದಲಾಗಿ ತೆಲುಗು ಬದಲಾಗದ ನಿಯಮವೊಂದುಂಟು. ಸುಮಾರು ಹತ್ತನೆಯ ಶತಮಾನದಿಂದ ಮೊದಲ್ಗೊಂಡು ಕನ್ನಡ ಶಬ್ದಗಳ ಮೊದಲಿನ ಪಕಾರವು ಕ್ರಮವಾಗಿ ಹಕಾರವಾಗುತ್ತ ಬಂದಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ತೆಲುಗಿನಲ್ಲಿ ಇಂದಿಗೂ ಪಾಲು, ಪುಲಿ, ಪಲ್ಲಿ. ಬಾಗೇಪಲ್ಲಿಯು ಕರ್ನಾಟಕದೊಳಗೇ ಇದ್ದರೂ ಪಕಾರವನ್ನು ಬಿಡದೆ ಇರುವುದು ಆ ಸೀಮೆಯ ತೆಲುಗಿನ ಬಲದಿಂದ. ದ್ವಿತ್ವಾಕ್ಷರಗಳಿಗೆ ಈ ನಿಯಮ ತಟ್ಟಲಿಲ್ಲ. ಆದ್ದರಿಂದಲೇ ರಾಮಪ್ಪನು ಅಪ್ಪನಾಗಿಯೇ ಉಳಿದುಕೊಂಡನು.

ಊರುಗಳಲ್ಲಿ ಇದರ ಗುರುತುಗಳನ್ನು ನೋಡಿರಿ. ನೊಳಂಬ ಅರಸರ ರಾಜಧಾನಿಯಾಗಿದ್ದ ಹೇಮಾವತಿಯು ಸಿರಾ ಪಾವಗಡಗಳಿಗೆ ಸಮೀಪವಾಗಿ, ಈಗ ಆಂಧ್ರದಲ್ಲಿದೆ. ಶಾಸನಗಳಲ್ಲಿ ಅದರ ಹೆಸರು ಮೊದಲು ಪೆಂಜೆರು, ಅನಂತರ ಹೆಂಜೆರು. ಪಕಾರವು ಹಕಾರವಾದದ್ದಕ್ಕೆ ಕಲ್ಲಿನ ಮೇಲಿನ ಸಾಕ್ಷಿ ಇದು. ಆಮೇಲೆ ಯಾರೋ ಅದನ್ನು ಸಂಸ್ಕೃತಕ್ಕೆ ತಿರುಗಿಸಿ ಹೇಮಾವತಿ ಎಂದರು. ಪಾವಗಡದ ಕಥೆ ಇದಕ್ಕೆ ವಿರುದ್ಧ. ಕೋಟೆ ಕಟ್ಟುವಾಗ ಹಾವಿನ ಆಕೃತಿಯ ಕಲ್ಲು ದೊರೆತದ್ದರಿಂದ ಈ ಹೆಸರು ಬಂದಿತೆಂದು ಸ್ಥಳದವರು ಹೇಳುವರು; 'ಪಾವು' ಎಂಬುದು ಹಾವಿನ ಹಳೆಯ ರೂಪ. ಮನೆಯ ಮೂಲೆಯಲ್ಲಿ ಹರಿದುಹೋದದ್ದು ಹಾವಾಯಿತು. ಬೆಟ್ಟದ ಮೇಲೆ ಕುಳಿತದ್ದು ಪಾವಾಗಿಯೇ ಉಳಿಯಿತು!

ನಮ್ಮ ಮಧುಗಿರಿಯೂ ಮೊದಲು ಮದ್ದಗಿರಿಯಾಗಿತ್ತು. ೧೯೨೭ರಲ್ಲಿ ಅದನ್ನು ಮಧುಗಿರಿ ಎಂದು ಮಾಡಿದರು. ಜೇನುಬೆಟ್ಟವೆಂಬ ಅರ್ಥ ಕಿವಿಗೆ ಇಂಪಾಗಿದೆ, ಒಪ್ಪುತ್ತೇನೆ. ಆದರೆ ಪ್ರಯೋಗಶಾಲೆಯಲ್ಲಿ ಒಂದು ಅಳತೆಯು ನಮ್ಮ ನಿರೀಕ್ಷೆಗೆ ಹೊಂದದಿದ್ದರೆ ಅದನ್ನು ತಿದ್ದಿ ಬರೆಯುವ ವಿದ್ಯಾರ್ಥಿಗೆ ನಾನು ಅಂಕ ಕೊಡುವುದಿಲ್ಲ. ಹೆಸರು ಸಹ ಒಂದು ಅಳತೆಯೇ. ಅದು ಯಾರು ಯಾವಾಗ ಹೇಗೆ ಉಚ್ಚರಿಸಿದರೆಂಬುದರ ದಾಖಲೆ. ಸಿರಾ ಪಟ್ಟಣವು ಇನ್ನೂ ಬಗೆಹರಿಯದ ಅಳತೆ. ೧೬೮೭ರಲ್ಲಿ ಮೊಗಲರ ವಶವಾಗಿ ಒಂದು ಪ್ರಾಂತಕ್ಕೆ ಮುಖ್ಯಸ್ಥಳವಾಗಿದ್ದ ಈ ಊರನ್ನು ಹಳೆಯ ಇಂಗ್ಲಿಷ್ ಬರಹಗಳು 'ಸೆರ' ಎಂದವು. ನಮ್ಮವರು ಇಂದಿಗೂ ಒಂದು ಫಲಕದಲ್ಲಿ ಸಿರಾ ಎಂದೂ ಇನ್ನೊಂದರಲ್ಲಿ ಶಿರಾ ಎಂದೂ ಬರೆಯುತ್ತಾರೆ.

ಊರುಗಳಿಂದ ಜನರಿಗೆ ಬರೋಣ. ಕರ್ನೂಲು ಸೀಮೆಯ ಅಹೋಬಲದ ನರಸಿಂಹನಿಗೆ ನಮ್ಮ ಕಡೆ ಒಕ್ಕಲು ಬಹಳ. ಅಹೋಬಲವು ಜನರ ಬಾಯಲ್ಲಿ ಓಬಳವಾಗಿ, ಈಚೆಯವರಿಗೆ ಓಬಳೇಶ, ಓಬಳಪ್ಪ, ಓಬಯ್ಯ, ಓಬಮ್ಮ; ಆಚೆಯವರಿಗೆ ಓಬುಲೇಸು, ಓಬುಲಮ್ಮ. ನಮ್ಮ ನರಸಿಂಹಯ್ಯ ಅವರ ನರಸಿಂಹುಲು. ನಮ್ಮ ಆಂಜನಪ್ಪ ಅವರ ಆಂಜನೇಯುಲು. ಈ 'ಉಲು' ಗೌರವದ ಬಹುವಚನ. ನಾವು 'ಅವರು' ಎಂದು ಸೇರಿಸುವಂತೆಯೇ ಅವರು ಹೆಸರಿನೊಳಗೇ ಮರ್ಯಾದೆಯನ್ನು ಹೆಣೆದಿದ್ದಾರೆ. ನಮ್ಮ ದೊಡ್ಡಣ್ಣನು ಗಡಿಯಾಚೆ ಪೆದ್ದನ್ನ. ಆಚೆಯ ಪೆದ್ದನ್ನನು ಕನ್ನಡ ಶಾಲೆಗೆ ಸೇರಿದರೆ ಏನಾಗುವುದೆಂದು ನಾನು ಹೇಳಬೇಕಾಗಿಲ್ಲ. ಅವರ 'ಪೆದ್ದ' ಹಿರಿಯನು, ನಮ್ಮ 'ಪೆದ್ದ' ಬೇರೆ ತೆರನವನು. ಹಿಂದೆ ಕೆಲವು ಉಪಾಧ್ಯಾಯರು ಒಳ್ಳೆಯ ಮನಸ್ಸಿನಿಂದಲೇ ಮಕ್ಕಳ ಹೆಸರನ್ನು 'ತಿದ್ದಿ' ಬರೆಯುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ನರಸಿಂಹುಲು ಶಾಲೆಯ ಬಾಗಿಲನ್ನು ದಾಟಿ ನರಸಿಂಹಯ್ಯನಾದನು. ಇದು ನನಗೆ ಸಮ್ಮತವಲ್ಲ. ತಾಯಿ ಕರೆದ ಹೆಸರು ತಪ್ಪಾಗಿರಲಾರದು.

ಇಷ್ಟಾದರೂ ಕನ್ನಡ ತೆಲುಗುಗಳ ನಡುವೆ ಹೆಸರು ಕಳೆದುಹೋಗುವುದಿಲ್ಲ. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು. ಬೇರೆಯಾಗಿ ಹೆಚ್ಚು ಶತಮಾನಗಳಾಗಿಲ್ಲ. ಹ್ರಸ್ವ, ದೀರ್ಘ, ಟಕಾರ, ತಕಾರ, ಲಕಾರ, ಳಕಾರ ಎಲ್ಲವೂ ಎರಡರಲ್ಲಿಯೂ ಪ್ರತ್ಯೇಕವಾಗಿವೆ. ಗಣಕಯಂತ್ರಗಳಿಗಾಗಿ ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ಕನ್ನಡದ 'ಕ'ಕ್ಕೆ ೩೨೨೧. ತೆಲುಗಿನ 'ಕ'ಕ್ಕೆ ೩೦೯೩. ವ್ಯತ್ಯಾಸ ೧೨೮. ಕೆಲವೇ ಅಕ್ಷರಗಳನ್ನು ಬಿಟ್ಟರೆ ವರ್ಣಮಾಲೆಯುದ್ದಕ್ಕೂ ಇದೇ ೧೨೮. ಒಂದು ಸಂಖ್ಯೆಯನ್ನು ಕಳೆದರೆ ಕನ್ನಡದ ಹೆಸರು ತೆಲುಗು ಲಿಪಿಯನ್ನು ಧರಿಸುತ್ತದೆ. ಕೂಡಿದರೆ ಮರಳಿ ಬರುತ್ತದೆ. ಹೋದ ದಾರಿಯಲ್ಲಿಯೇ ಹಿಂದಿರುಗಬಹುದಾದ ಇಂಥ ಕ್ರಿಯೆಯನ್ನು ನಮ್ಮ ಶಾಸ್ತ್ರದಲ್ಲಿ ಪರಾವರ್ತ್ಯ ಕ್ರಿಯೆ ಎನ್ನುವರು.

ಹಿಂದಿರುಗಲಾಗದ ಕ್ರಿಯೆ ನಡೆಯುವುದು ರೋಮನ್ ಲಿಪಿಯಲ್ಲಿ. ನಾವು ಸಾಮಾನ್ಯವಾಗಿ ಬರೆಯುವ ಇಂಗ್ಲಿಷ್ ಕಾಗುಣಿತದಲ್ಲಿ ಅಕಾರಕ್ಕೂ ಆಕಾರಕ್ಕೂ ಒಂದೇ 'ಎ' ಅಕ್ಷರ, ಲಕಾರಕ್ಕೂ ಳಕಾರಕ್ಕೂ ಒಂದೇ 'ಎಲ್', ಟಕಾರಕ್ಕೂ ತಕಾರಕ್ಕೂ ಅನೇಕ ವೇಳೆ ಒಂದೇ 'ಟಿ'. 'ಕಲ' ಎಂದು ನಾಲ್ಕು ರೋಮನ್ ಅಕ್ಷರಗಳಲ್ಲಿ ಬರೆಯಿರಿ. ಓದುವವನು ಅದನ್ನು ಕಲ, ಕಳ, ಕಾಲ, ಕಾಳ, ಕಲಾ, ಕಳಾ, ಕಾಲಾ, ಕಾಳಾ ಎಂದು ಎಂಟು ಬಗೆಯಾಗಿ ಓದಬಹುದು. ಸಂದೇಹದ ಸ್ಥಾನಗಳು ಮೂರು; ೨×೨×೨=೮. ಕೊರಟಗೆರೆಯಲ್ಲಿ ಐದು ಸ್ವರಗಳೂ ಒಂದು ಟಕಾರವೂ ಸೇರಿ ಸಂದೇಹದ ಸ್ಥಾನಗಳು ಆರು. ಎರಡನ್ನು ಆರು ಸಲ ಗುಣಿಸಿದರೆ ೬೪. ಅಂದರೆ ಆ ಊರನ್ನರಿಯದ ಒಬ್ಬನ ಕೈಗೆ ರೋಮನ್ ಬರಹವನ್ನು ಕೊಟ್ಟರೆ ಅರವತ್ತನಾಲ್ಕು ಊರುಗಳು ಅವನ ಮುಂದೆ ನಿಲ್ಲುತ್ತವೆ. ಅವುಗಳಲ್ಲಿ ಕೆರೆಯಿರುವುದು ಒಂದಕ್ಕೆ ಮಾತ್ರ. ೧೯೪೮ರಲ್ಲಿ ಕ್ಲಾಡ್ ಶಾನನ್ ಎಂಬ ಅಮೆರಿಕದ ಗಣಿತಜ್ಞನು ಮಾಹಿತಿಯನ್ನು ಅಳೆಯುವ ಕ್ರಮವನ್ನು ಶಾಸ್ತ್ರಬದ್ಧಗೊಳಿಸಿದನು. ಅವನ ಮಾನದಲ್ಲಿ ಹೇಳುವುದಾದರೆ ಕೊರಟಗೆರೆಯು ರೋಮನ್ ಲಿಪಿಯನ್ನು ಹೊಕ್ಕಾಗ ಆರು ಬಿಟ್‌ಗಳಷ್ಟು ಮಾಹಿತಿ ನಷ್ಟವಾಯಿತು. ಬಿಸಿನೀರನ್ನೂ ತಣ್ಣೀರನ್ನೂ ಒಂದು ಪಾತ್ರೆಯಲ್ಲಿ ಬೆರೆಸಿದ ಮೇಲೆ ಮಿಶ್ರಣದ ಉಷ್ಣತೆಯನ್ನು ಅಳೆಯಬಹುದು. ಅದೊಂದರಿಂದಲೇ ಮೊದಲಿನ ಎರಡು ಉಷ್ಣತೆಗಳನ್ನು ಕಂಡುಹಿಡಿಯಲಾಗದು. ಇಲ್ಲಿ ಆಗುವುದೂ ಅದೇ.

ಉಚ್ಚಾರವನ್ನು ಪೂರ್ಣವಾಗಿ ಕಾಪಾಡುವ ರೋಮನ್ ಕ್ರಮಗಳು ಇಲ್ಲದಿಲ್ಲ. ೨೦೦೧ರಲ್ಲಿ ನಿಗದಿಯಾದ ಅಂತರರಾಷ್ಟ್ರೀಯ ಕ್ರಮವು ಅಕ್ಷರಗಳ ಮೇಲೂ ಕೆಳಗೂ ಗೆರೆ ಚುಕ್ಕೆಗಳನ್ನಿಟ್ಟು ಎಲ್ಲವನ್ನೂ ಬೇರ್ಪಡಿಸುತ್ತದೆ. ಆದರೆ ಕಚೇರಿಯ ಗುಮಾಸ್ತರ ಕೀಲಿಮಣೆಯಲ್ಲಿ ಆ ಚುಕ್ಕೆಗಳಿಲ್ಲ. ಅವರು ತಮಗೆ ತೋರಿದಂತೆ ಬರೆಯುತ್ತಾರೆ. ದಕ್ಷಿಣದಲ್ಲಿ ಗೀತಾ, ಲತಾ ಮೊದಲಾದ ಹೆಸರುಗಳ ತಕಾರಕ್ಕೆ 'ಟಿ'ಯ ಜೊತೆಗೆ 'ಎಚ್' ಸೇರಿಸುವ ವಾಡಿಕೆಯುಂಟು. ಉತ್ತರದವರು ಅದನ್ನೇ ಥಕಾರವೆಂದು ಓದುವರು. 'ಅಯ್ಯ' ಎಂಬುದನ್ನು ಬರೆಯುವ ಬಗೆಗಳನ್ನು ಎಣಿಸಲು ಒಂದು ಕೈಯ ಬೆರಳುಗಳು ಸಾಲವು.

ಇದರ ಫಲವನ್ನು ನಾನೇ ಉಂಡಿದ್ದೇನೆ. ನನ್ನ ತಂದೆಯವರ ಹೆಸರು 'ಅಯ್ಯ' ಎಂದು ಮುಗಿಯುತ್ತದೆ. ನನ್ನ ಪ್ರೌಢಶಾಲೆಯ ಅಂಕಪಟ್ಟಿಯಲ್ಲಿ ಅದು ಒಂದು ಬಗೆ, ಸ್ನಾತಕೋತ್ತರ ಪದವಿಯ ಪತ್ರದಲ್ಲಿ ಇನ್ನೊಂದು ಬಗೆ. ಕೆಲಸಕ್ಕೆ ಸೇರುವಾಗ ಒಂದು ಕಚೇರಿಯವರು ಇವರಿಬ್ಬರೂ ಒಬ್ಬರೇ ಎಂಬುದಕ್ಕೆ ನೋಟರಿಯ ಮುಂದೆ ಪ್ರಮಾಣ ಮಾಡಿಸಿಕೊಂಡು ಬರಬೇಕೆಂದರು. ಅರವತ್ತು ದಾಟಿದ ನನ್ನ ತಂದೆ ತಾವು ತಾವೇ ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕಿದರು. ಪಹಣಿಯಲ್ಲಿ, ಮನೆಯ ಪತ್ರಗಳಲ್ಲಿ, ಎಲ್ಲೆಲ್ಲಿ ಕನ್ನಡದಲ್ಲಿ ಬರೆದಿದ್ದಿತೋ ಅಲ್ಲೆಲ್ಲ ಅವರ ಹೆಸರು ಒಂದೇ ಆಗಿತ್ತು. ಅದನ್ನು ನೋಡಲು ಯಾರಿಗೂ ವ್ಯವಧಾನವಿರಲಿಲ್ಲ.

ನನಗೆ ಕಳೆದುಹೋದದ್ದು ನಾಲ್ಕು ದಿನಗಳು. ವಿದ್ಯಾರ್ಥಿವೇತನವನ್ನೇ ನಂಬಿರುವ ಹುಡುಗನಿಗೆ ಹೋಗುವುದು ಒಂದು ವರ್ಷದ ಶುಲ್ಕ. ಅಂಕಪಟ್ಟಿ, ಆಧಾರ್, ಬ್ಯಾಂಕಿನ ಪುಸ್ತಕ, ಆದಾಯ ಪ್ರಮಾಣಪತ್ರ ಈ ನಾಲ್ಕರಲ್ಲಿ ಒಂದು ಅಕ್ಷರ ಹೊಂದದಿದ್ದರೂ ಯಂತ್ರವು ಒಪ್ಪುವುದಿಲ್ಲ. ಓಬಳೇಶನು ಹಿಂದೂಪುರದ ಸೋದರಮಾವನ ಮನೆಯಲ್ಲಿದ್ದು ಎರಡು ವರ್ಷ ಓದಿ ಮರಳಿದನೆನ್ನಿ. ಅಲ್ಲಿಯ ಪತ್ರಗಳಲ್ಲಿ ಅವನು ಓಬುಲೇಸು. ಮೇಲಾಗಿ ಆಂಧ್ರದಲ್ಲಿ ಹೆಸರಿನ ಮುಂದೆ ಮನೆತನದ ಹೆಸರನ್ನು, ಅಂದರೆ 'ಇಂಟಿಪೇರ'ನ್ನು, ಇಡುವ ಪದ್ಧತಿ. ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ. ಅರ್ಜಿಯಲ್ಲಿ ಮನೆತನದ ಹೆಸರನ್ನು ಕೇಳಿದ ಕಡೆ ನಮ್ಮ ಹುಡುಗರು ಊರಿನ ಹೆಸರನ್ನು ತುಂಬಿಬಿಡುವರು. ಅಲ್ಲಿಗೆ ಒಂದು ಹಳ್ಳಿಯೇ ಅವನ ವಂಶವಾಯಿತು! ಇನ್ನು ಅದೃಷ್ಟಕ್ಕಾಗಿ ಹೆಸರಿಗೆ ಒಂದೆರಡು ಹೆಚ್ಚಿನ ರೋಮನ್ ಅಕ್ಷರಗಳನ್ನು ಸೇರಿಸಿಕೊಳ್ಳುವ ಮಹನೀಯರ ವಿಚಾರ ನಾನು ಎತ್ತುವುದಿಲ್ಲ.

ಇಂಥ ಗಡಿಸೀಮೆಗಳು ಲೋಕದಲ್ಲಿ ಇನ್ನೂ ಉಂಟು. ಯೂರೋಪಿನ ಬೆಲರೂಸ್ ದೇಶವನ್ನು ನೋಡಿರಿ. ರಷ್ಯ, ಉಕ್ರೇನ್, ಪೋಲೆಂಡ್, ಲಿಥುವೇನಿಯ, ಲಾಟ್ವಿಯಗಳ ನಡುವೆ ಅದು ನೆಲೆಸಿದೆ. ೧೯೯೫ರಿಂದ ಅಲ್ಲಿ ಬೆಲರೂಸಿಯ ಭಾಷೆಯ ಜೊತೆಗೆ ರಷ್ಯನ್ ಭಾಷೆಯೂ ರಾಜ್ಯಭಾಷೆ. ಗ್ರೀಕ್ ಮೂಲದ ಒಂದೇ ಹೆಸರು ರಷ್ಯನರಿಗೆ ನಿಕೊಲಾಯ್, ಬೆಲರೂಸಿಯರಿಗೆ ಮಿಕಲಾಯ್, ಪೋಲೆಂಡಿನವರಿಗೆ ಮಿಕೊವಾಯ್, ಉಕ್ರೇನಿನವರಿಗೆ ಮಿಕೋಲ, ಲಿಥುವೇನಿಯದವರಿಗೆ ಮಿಕಲೋಯುಸ್. ಲಿಥುವೇನಿಯದ ಆ 'ಉಸ್' ನಮ್ಮ ನೆರೆಯವರ ರಾಮುಡು, ಭೀಮುಡುಗಳ 'ಉಡು'ವಿನಂತೆ ಪ್ರಥಮಾ ವಿಭಕ್ತಿಯ ಗುರುತು. ಅಲ್ಲಿಯೂ ಎಲ್ಲವೂ ನಿಯಮಬದ್ಧ. ರಷ್ಯನ್ನಿನ ಗಕಾರವು ಬೆಲರೂಸಿಯ ಭಾಷೆಯಲ್ಲಿ ಹಕಾರಕ್ಕೆ ಸಮೀಪವಾದ ಧ್ವನಿ. ಗೋಮೆಲ್ ನಗರವು ಹೋಮೆಲ್. ಒತ್ತು ಬೀಳದ ಒಕಾರವು ಅಕಾರವಾಗುತ್ತದೆ, ಮತ್ತು ಅವರು ಅದನ್ನು ಹಾಗೆಯೇ ಬರೆಯುತ್ತಾರೆ. ಮೊಗಿಲ್ಯೋಫ್ ನಗರವು ಮಹಿಲ್ಯೋವ್.

ನಮ್ಮ ವಿಷಯಕ್ಕೆ ಹತ್ತಿರದವರೊಬ್ಬರನ್ನೇ ಹೇಳುತ್ತೇನೆ. ಅರೆವಾಹಕಗಳ ಪದರಗಳನ್ನು ಕುರಿತ ಸಂಶೋಧನೆಗಾಗಿ ೨೦೦೦ದಲ್ಲಿ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡ ಭೌತವಿಜ್ಞಾನಿ ಝೋರೆಸ್ ಅಲ್ಫ್ಯೋರೊವ್ ೧೯೩೦ರಲ್ಲಿ ಹುಟ್ಟಿದ್ದು ಬೆಲರೂಸಿನ ವಿಟೆಬ್ಸ್ಕ್ ನಗರದಲ್ಲಿ. ತಂದೆತಾಯಿಗಳು ಫ್ರಾನ್ಸಿನ ಸಮಾಜವಾದಿ ನಾಯಕ ಜಾನ್ ಝೋರೆಸನ ಕುಲನಾಮವನ್ನು ಮಗುವಿಗೆ ಇಟ್ಟರು. ಅವರ ಹುಟ್ಟೂರಿನ ಭಾಷೆಯಲ್ಲಿ ಅವರು ಝರೆಸ್ ಅಲ್ಫ್ಯೋರವ್, ಊರು ವಿಟ್ಸೆಬ್ಸ್ಕ್. ಇಂಗ್ಲಿಷ್ ಪುಸ್ತಕಗಳಲ್ಲಿ ಅಲ್ಫೆರೊವ್. ಮೂವರೂ ಒಬ್ಬರೇ ಎಂದು ಅವರಿಂದ ಯಾರಾದರೂ ಪ್ರಮಾಣಪತ್ರ ಕೇಳಿದ್ದರೋ ಇಲ್ಲವೋ! ಬೆಲರೂಸ್ ಸರ್ಕಾರವು ಒಂದು ಕೆಲಸ ಮಾಡಿತು. ತನ್ನ ಊರುಗಳ ಹೆಸರುಗಳನ್ನು ರೋಮನ್ ಲಿಪಿಗೆ ಬೆಲರೂಸಿಯ ರೂಪದಿಂದಲೇ ತರಬೇಕೆಂದು ೨೦೦೦ದಲ್ಲಿ ನಿಯಮಾವಳಿಯನ್ನು ರಚಿಸಿ, ೨೦೦೭ರಲ್ಲಿ ಅದನ್ನು ತಿದ್ದಿ ಉತ್ತಮಗೊಳಿಸಿತು. ಯಾವುದರಿಂದ ಹೊರಡಬೇಕು ಎಂಬ ಪ್ರಶ್ನೆಗೆ ಅಲ್ಲಿ ಒಂದು ಉತ್ತರವಾದರೂ ಉಂಟು.

ನಮ್ಮಲ್ಲಿ ಉತ್ತರವಿಲ್ಲ. ಅಷ್ಟೇ ಅಲ್ಲ, ದಾರಿಯೇ ತಲೆಕೆಳಗಾಗಿದೆ. ಮೊದಲು ಇಂಗ್ಲಿಷಿನಲ್ಲಿ ಹೆಸರನ್ನು ಬರೆದುಕೊಂಡು, ಅದರಿಂದ ಕನ್ನಡ ರೂಪವನ್ನು ಯಂತ್ರದ ಊಹೆಗೆ ಬಿಡುತ್ತಾರೆ. ಬೆರೆತ ನೀರಿನಿಂದ ಬಿಸಿನೀರನ್ನು ಮರಳಿ ಪಡೆಯುವ ಪ್ರಯತ್ನವಿದು. ೨೦೧೪ರ ನವೆಂಬರ್ ೧ರಂದು ತುಮಕೂರಿನ ಇಂಗ್ಲಿಷ್ ಕಾಗುಣಿತವನ್ನು ಕನ್ನಡ ಉಚ್ಚಾರಕ್ಕೆ ಹೊಂದುವಂತೆ ತಿದ್ದಿದರು. ಜಿಲ್ಲೆಗೆ ಸಲ್ಲುವ ಈ ಮರ್ಯಾದೆ ಜಿಲ್ಲೆಯ ಮಗುವಿಗೂ ಸಲ್ಲಬೇಕು. ಮಗುವು ಒಂದನೆಯ ತರಗತಿಗೆ ಸೇರುವ ದಿನ ಅದರ ಹೆಸರನ್ನು ಕನ್ನಡದಲ್ಲಿ, ಮನೆಮಾತು ತೆಲುಗಾದರೆ ತೆಲುಗಿನ ರೂಪವನ್ನೇ ಉಳಿಸಿ, ಮನೆಯವರಿಗೆ ಓದಿ ಹೇಳಿ ಬರೆಯಬೇಕು. ಅದೇ ಮೂಲಪ್ರತಿ. ರೋಮನ್ ರೂಪವನ್ನು ಎಲ್ಲರಿಗೂ ಒಂದೇ ಆದ ಕೋಷ್ಟಕದಿಂದ ಪಡೆಯಬೇಕು. ಆ ಕೋಷ್ಟಕದಲ್ಲಿ ಚುಕ್ಕೆಗಳಿಲ್ಲದಿದ್ದರೂ ಚಿಂತೆಯಿಲ್ಲ, ಏಕೆಂದರೆ ನಷ್ಟವಾದದ್ದು ಪಕ್ಕದಲ್ಲಿಯೇ ಕನ್ನಡದಲ್ಲಿ ಉಳಿದಿರುತ್ತದೆ. ಎರಡು ಪತ್ರಗಳು ಹೊಂದದಿದ್ದಾಗ ಯಂತ್ರವು ಹೋಲಿಸಬೇಕಾದದ್ದು ಮೂಲಪ್ರತಿಗಳನ್ನು. ಓಬಳೇಶ ಓಬುಲೇಸು ಎಂಬಂಥ ಜೋಡಿಗಳು ಧ್ವನಿನಿಯಮಗಳಿಗೆ ಒಳಪಟ್ಟವು. ಅವುಗಳನ್ನು ಒಂದೆಂದು ಗುರುತಿಸುವ ಪಟ್ಟಿಯನ್ನು ಯಂತ್ರಕ್ಕೆ ಕೊಡುವುದು ಕಷ್ಟದ ಕೆಲಸವಲ್ಲ.

ಈಗಾಗಲೇ ಪಾಸ್‌ಪೋರ್ಟು ಪದವಿಗಳನ್ನು ಪಡೆದವರ ಗತಿಯೇನು ಎಂದು ಕೇಳುವವರುಂಟು. ಅವರ ಕಾಗುಣಿತವನ್ನು ಮುಟ್ಟಬಾರದು. ಇನ್ನೊಂದು ಸುತ್ತಿನ ಪ್ರಮಾಣಪತ್ರಗಳು ಯಾರಿಗೂ ಬೇಡ. ಇಡೀ ದೇಶಕ್ಕೆ ಒಂದೇ ರೂಪವಿದ್ದರೆ ಅನುಕೂಲವಲ್ಲವೇ ಎನ್ನುವವರಿಗೆ ಮಾತ್ರ ನಾನು ಒಪ್ಪಲಾರೆ. ಹಾಗೆ ಮಾಡಿದರೆ ಉಳಿಯುವುದು ಎಲ್ಲರಿಗೂ ಬರೆಯಲು ಸುಲಭವಾದ ಹೆಸರು, ಯಾರೂ ಯಾರನ್ನೂ ಕೂಗದ ಹೆಸರು. ದೇವನಾಗರಿಯನ್ನೇ ಆ ಒಂದು ರೂಪವನ್ನಾಗಿ ಮಾಡಿದರೂ ತೊಡಕು ತಪ್ಪದು. ಹಿಂದಿಯ ಬರಹದಲ್ಲಿ ಹ್ರಸ್ವ ಎಕಾರ ಒಕಾರಗಳಿಗೆ ಬೇರೆ ಗುರುತಿಲ್ಲವಾಗಿ ನಮ್ಮ ಕೊರಟಗೆರೆ ಅಲ್ಲಿ ದೀರ್ಘವನ್ನೆಳೆದುಕೊಂಡು ಕೋರಟಗೇರೇ ಆಗುತ್ತದೆ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲವೆಂದು ಈ ವರ್ಷ ನಾನೇ ಒಂದು ಉದ್ದನೆಯ ನೋಟುಪುಸ್ತಕವನ್ನು ಪ್ರಯೋಗಶಾಲೆಯ ಮೇಜಿನ ಮೇಲೆ ಇಟ್ಟೆ. ಮೊದಲನೆಯ ಅಂಕಣದಲ್ಲಿ ಪಟ್ಟಿಯಲ್ಲಿರುವ ಇಂಗ್ಲಿಷ್ ರೂಪ. ಎರಡನೆಯದರಲ್ಲಿ ವಿದ್ಯಾರ್ಥಿಯು ತನ್ನ ಕೈಯಿಂದ ಕನ್ನಡದಲ್ಲಿ ಬರೆಯುವ ಹೆಸರು. ತೆಲುಗು ಬಲ್ಲವರಿಗೆ ಮೂರನೆಯದು. ಪಾವಗಡದ ಕಡೆಯ ಒಬ್ಬ ಹುಡುಗಿ ಬರೆದದ್ದನ್ನು ನೋಡಿ ನಾನು ನಾಚಿದೆ. ಅವಳ ಹೆಸರಿನ ಳಕಾರವನ್ನು ಲಕಾರವಾಗಿಸಿ, ದೀರ್ಘವನ್ನು ಹ್ರಸ್ವವಾಗಿಸಿ, ಹಿಂದಿನ ವರ್ಷವೆಲ್ಲ ಕೂಗಿದ್ದೆ. ಏಕಮ್ಮಾ ಹೇಳಲಿಲ್ಲ ಎಂದು ಕೇಳಿದೆ.

"ಪಟ್ಟಿಯಲ್ಲಿ ಹಾಗೇ ಇರಬೇಕು ಅಂದುಕೊಂಡೆ ಸಾರ್" ಎಂದಳು.

ಮೂರನೆಯ ಅಂಕಣದಲ್ಲಿ ಅವಳು ತನ್ನ ಹೆಸರನ್ನು ಬರೆದು, ಅದರ ಕೆಳಗೆ ಅಜ್ಜಿಯ ಹೆಸರನ್ನೂ ಬರೆದಿದ್ದಳು. ಎರಡೂ ಒಂದೇ ಹೆಸರು; ಅಜ್ಜಿಯದು ತೆಲುಗಿನ ರೂಪದಲ್ಲಿತ್ತು.